ಹೆಬ್ಬಾಗಿಲ ಹೊರಗೆ

ನೊಬುಯೊ ಫೋನಿನಲ್ಲಿ ತನ್ನನ್ನು 'ಫುಮಿಯೆ-ಸಾನ್' ಎಂದು, ಹೊರಗಿನವರನ್ನು ಕರೆಯುವ ಹಾಗೆ, ಕರೆದಳೆಂಬುದೇ ಫುಮಿಯೆಗೆ ಮೊದಲು ಚುಚ್ಚಿತು. ಇಸಾಮು ಸತ್ತನೆಂಬ ಸುದ್ದಿ ಅದರ ಹಿಂದೆ ಸರದಿಗೆ ನಿಂತಂತೆ ಕಾದಿತ್ತು. ಮದುವೆಯಾದಂದಿನಿಂದ ಅತ್ತಿಗೆ ಎನ್ನುತ್ತಿದ್ದ ನಾದಿನಿ, ಇಸಾಮುವಿನ ತಂಗಿ. ವಿಚ್ಛೇದನವಾಗಿ ಎಷ್ಟೋ ವರ್ಷ ಕಳೆದರೂ, ಅಪರೂಪಕ್ಕೊಮ್ಮೆ ಮಾತಾಡಿದಾಗ ಹಳೆಯ ರೂಢಿ ಬಿಟ್ಟಿರಲಿಲ್ಲ. ಈ ಬೆಳಿಗ್ಗೆ ಬಿಟ್ಟಿದ್ದಳು. "ಬೇರೆ ಯಾರಿಂದಲೋ ಕಿವಿಗೆ ಬೀಳೋದು ಬೇಡ ಅಂತ ಹೇಳ್ತಿದೀನಿ, ಫುಮಿಯೆ-ಸಾನ್. ಅಣ್ಣ ಹೋದ. ಹೋದ ವಾರ. ಜಾಸ್ತಿ ನರಳಲಿಲ್ಲ. ಮನೆಯವರಷ್ಟೇ ಸೇರಿ ಎಲ್ಲಾ ಮುಗಿಸಿದ್ವಿ." ಮನೆಯವರಷ್ಟೇ ಎಂಬಲ್ಲಿ ನೊಬುಯೊಳ ದನಿ ಒಂದು ಕ್ಷಣ ತಡವರಿಸಿತು, ಆಮೇಲೆ ಅದನ್ನು ಮುಚ್ಚಲೆಂದೇ ಬೇಗ ಬೇಗ ಮಾತಾಡಿದಳು: ಊದುಬತ್ತಿ, ಹೂವು ಅಂತ ಏನೂ ಕಳಿಸೋದು ಬೇಡ, ಯಾರಿಂದಲೂ ತಗೊಂಡಿಲ್ಲ, ಬೇಜಾರು ಮಾಡ್ಕೋಬೇಡಿ. "ತಿಳಿಸಿದ್ದಕ್ಕೆ ಉಪಕಾರವಾಯ್ತು," ಎಂದಳು ಫುಮಿಯೆ, ಪ್ರವಾಸಿಗರು ಬರುವುದಿಲ್ಲವೆಂದು ಫೋನು ಮಾಡಿದಾಗ ಹೇಳುವ ದನಿಯಲ್ಲೇ. ಫೋನಿಟ್ಟ ಮೇಲೆ, ಆಗಲೇ ತೊಳೆದಿಟ್ಟಿದ್ದ ಅನ್ನದ ಬಟ್ಟಲನ್ನು ಇನ್ನೊಮ್ಮೆ ತೊಳೆದಳು. ಅಳು ಬರಲಿಲ್ಲ. ಬರಬೇಕೋ ಬೇಡವೋ ಎಂಬುದು ಗೊತ್ತಾಗಲಿಲ್ಲ. ಅಳುವುದಾದರೆ ಯಾರ ಲೆಕ್ಕದಲ್ಲಿ ಅಳಬೇಕು ಎಂದು ತನ್ನನ್ನೇ ಕೇಳಿಕೊಂಡಳು. ಮಾಜಿ ಗಂಡ ಎಂದರೆ ಚುನಾವಣೆಯಲ್ಲಿ ಸೋತ ಮಂತ್ರಿಯ ಹಾಗೆ ಕೇಳಿಸುತ್ತಿತ್ತು. ಹಿಂದೆ ಮದುವೆಯಾಗಿದ್ದವನು ಎಂದರೆ ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗೆ. ಗೈಡಿನ ಹಸಿರು ಅಂಗಿ ತೊಟ್ಟು, ಹಳದಿ ಬಾವುಟ ಚೀಲಕ್ಕೆ ಸಿಕ್ಕಿಸಿಕೊಂಡು ನಾರಾ ಸ್ಟೇಷನ್ನಿನತ್ತ ಹೊರಟಳು. ಸಕಾಯಿ ಊರಿಂದ ಹಿರಿಯರ ತಂಡವೊಂದು ಬರುವುದಿತ್ತು.

ಕಾರಂಜಿಯ ಬಳಿ ಅವರು ಆಗಲೇ ನೆರೆದಿದ್ದರು. ತಂಡದ ಮುಖಂಡ ಮೊರಿವಾಕಿ, ಹಾಸಿಗೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತವನು, ಕೂತದ್ದಕ್ಕೆ ಸೇಡು ತೀರಿಸಿಕೊಳ್ಳುವಂತೆ ಮಾತಾಡುತ್ತಿದ್ದ. ಅವಳ ಎದೆಯ ಮೇಲಿನ ಬಿಲ್ಲೆಯನ್ನು ಹತ್ತಿರ ಬಗ್ಗಿ ಓದಿದ. "ಸೊನೊದಾ. ಒಳ್ಳೇದು. ನಮ್ಮ ಬೀದೀಲೂ ಒಬ್ಬ ಸೊನೊದಾ ಇದಾನೆ, ಮಹಾ ಜಿಪುಣ. ನಿಮ್ಮ ಯಜಮಾನ್ರ ಕಡೆಯವ್ರಾ?" ಇರಲಾರದು ಎಂದು ನಕ್ಕಳು. ಸೊನೊದಾ ಎಂಬುದು ಇಸಾಮುವಿನ ಮನೆತನದ ಹೆಸರು. ವಿಚ್ಛೇದನವಾದಾಗ ತವರಿನ ಹೆಸರಿಗೆ ಮರಳಬಹುದಿತ್ತು. ನೋಂದಣಿ ಕಚೇರಿಯ ಹುಡುಗಿ ಕೇಳಿಯೂ ಕೇಳಿದಳು. ಬ್ಯಾಂಕು, ವಿಮೆ, ಗೈಡಿನ ಬಿಲ್ಲೆ ಎಲ್ಲವನ್ನೂ ತಿದ್ದಿಸಬೇಕಲ್ಲ ಎಂಬ ಸೋಮಾರಿತನ ಎಂದು ಕೇಳಿದವರಿಗೆಲ್ಲ ಹೇಳಿದ್ದಳು, ತನಗೂ ಹಾಗೆಯೇ ಹೇಳಿಕೊಂಡಿದ್ದಳು. ಈಗ ಆ ಹೆಸರಿನವನು ಇಲ್ಲ, ಹೆಸರು ಮಾತ್ರ ತನ್ನ ಎದೆಯ ಮೇಲೆ ಪಿನ್ನಿನಲ್ಲಿ ನಿಂತಿದೆ. ಯಾರದೋ ಕೊಡೆಯನ್ನು ಹಿಂದಿರುಗಿಸದೆ ಬಳಸುತ್ತ ಬಂದವಳ ನಾಚಿಕೆ ಅವಳಿಗಾಯಿತು. "ನಡೀರಿ, ನಡೀರಿ," ಎಂದ ಮೊರಿವಾಕಿ, "ಗೈಡಮ್ಮನ ಮುಖ ನೋಡಿದ್ರೆ ಬುದ್ಧ ಇವತ್ತು ರಜಾ ಹಾಕಿರೋ ಹಾಗಿದೆ." ಎಲ್ಲರೂ ನಕ್ಕರು. ಹಿಂದೆ ಒಬ್ಬಳು ಮಾತ್ರ ನಗಲಿಲ್ಲ, ಕಂದು ಕೋಟಿನ ಗಿಡ್ಡ ಹೆಂಗಸು, ಬಲಗೈಯನ್ನು ಜೇಬಿನಿಂದ ತೆಗೆಯದೆ ನಡೆಯುತ್ತಿದ್ದಳು. ಹಮಗುಚಿ ಎಂದು ಹೆಸರು ಹೇಳಿದಳು.

ಕೆರೆಯ ದಂಡೆ, ಐದಂತಸ್ತಿನ ಗೋಪುರ. ಬಾಯಿ ತನ್ನಷ್ಟಕ್ಕೆ ಹೇಳುತ್ತ ಹೋಯಿತು, ಎಷ್ಟು ಸಲ ಸುಟ್ಟುಹೋಯಿತು, ಎಷ್ಟು ಸಲ ಕಟ್ಟಿದರು. ವರ್ಷಗಟ್ಟಲೆ ಹೇಳಿದ ಮಾತು. ಇದರ ಸುಖವೆಂದರೆ ಹೇಳುವಾಗ ಹೇಳುವವಳು ಅಲ್ಲಿ ಇರಬೇಕಾಗಿಲ್ಲ. ದಾರಿಯ ಪಕ್ಕದಲ್ಲಿ ನೀಲಿ ಹೊದಿಕೆ ಕಟ್ಟಿ ನೆಲ ಅಗೆದಿದ್ದರು. ಪೈಪು ಹಾಕಲು ಅಗೆದಿರಬೇಕು, ಮಡಕೆ ಚೂರು ಸಿಕ್ಕಿರಬೇಕು, ಕೆಲಸ ನಿಂತಿರಬೇಕು. ಮೊಣಕಾಲೂರಿ ಕೂತ ಇಬ್ಬರು ಕುಂಚದಿಂದ ಮಣ್ಣು ಸರಿಸುತ್ತಿದ್ದರು. ಇಸಾಮು ನಗರಸಭೆಯ ಒಳಚರಂಡಿ ವಿಭಾಗದಲ್ಲಿದ್ದ. ಇಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಹಳೆಯ ರಾಜಧಾನಿಯ ಯಾವುದೋ ಅಡುಗೆಮನೆ ಮೇಲೆದ್ದು ಬಂದು ತಿಂಗಳುಗಟ್ಟಲೆ ಕೆಲಸ ನಿಲ್ಲುತ್ತಿತ್ತು. "ಈ ಊರಲ್ಲಿ ಚರಂಡಿ ತೋಡೋಕೂ ಸತ್ತೋರ ಅಪ್ಪಣೆ ಬೇಕು ಮಾರಾಯ್ತಿ," ಎನ್ನುತ್ತಿದ್ದ, ಬೂಟಿನ ಮಣ್ಣು ಕೆರೆಯುತ್ತ. ಅವನು ದಿನಕ್ಕೆ ಆಡುತ್ತಿದ್ದ ಕೆಲವೇ ಮಾತುಗಳಲ್ಲಿ ಇದೊಂದು, ಹಾಗಾಗಿ ಮತ್ತೆ ಮತ್ತೆ ಆಡುತ್ತಿದ್ದ. ಕೊನೆಯ ವರ್ಷಗಳಲ್ಲಿ ಆ ಮಾತು ಬಂದರೆ ಅವಳಿಗೆ ರೇಗಿಹೋಗುತ್ತಿತ್ತು. ಗುಡಿ ನೋಡಲು ಹೋದರೆ ಅವನು ನೋಡುತ್ತಿದ್ದುದು ರಸ್ತೆಯ ಚರಂಡಿ ಮುಚ್ಚಳಗಳನ್ನು. ತಲೆಯೆತ್ತಿ ಒಂದು ಸಲ ಚಾವಣಿ ನೋಡಬಾರದೇ ಎಂದರೆ, ನೋಡಿದೆ, ಚೆನ್ನಾಗಿದೆ, ಎನ್ನುತ್ತಿದ್ದ. ಈಗ ಅವಳ ಕಣ್ಣು ನೀಲಿ ಹೊದಿಕೆಯ ಕೆಳಗೆ ಕಾಣುತ್ತಿದ್ದ ಪೈಪಿನ ಬಾಯಿಯನ್ನೇ ನೋಡುತ್ತಿತ್ತು. ಎಷ್ಟು ಹೊತ್ತು ನಿಂತಳೋ. "ಗೈಡಮ್ಮ, ಇದೂ ರಾಷ್ಟ್ರೀಯ ಸ್ಮಾರಕಾನಾ?" ಎಂದ ಮೊರಿವಾಕಿ. ಹೌದು, ಒಂದು ಥರ ಹೌದು ಎಂದು ಮುಂದೆ ನಡೆದಳು.

ಅವಳನ್ನು ಬೆಳಗಿನಿಂದ ಕೊರೆಯುತ್ತಿದ್ದುದು ಮಧ್ಯಾಹ್ನದ ದಾರಿ. ಬೆಳಿಗ್ಗೆಯೆಲ್ಲ ಬುದ್ಧನ ಗುಡಿಗಳು, ತೊಂದರೆಯಿಲ್ಲ. ಬುದ್ಧನಿಗೆ ಸಾವಿನ ಮೈಲಿಗೆಯಿಲ್ಲ. ಸತ್ತವರ ಕೆಲಸವೆಲ್ಲ ಈ ದೇಶದಲ್ಲಿ ಅವನ ಪಾಲಿಗೇ ಬಂದದ್ದು. ಮಧ್ಯಾಹ್ನದ ಪಾಲಿನ ಕಸುಗ ಗುಡಿಯ ಶಿಂತೋ ದೇವರುಗಳು ಹಾಗಲ್ಲ, ಮಡಿವಂತರು. ಮನೆಯಲ್ಲಿ ಸಾವಾಗಿ ಐವತ್ತು ದಿನ ತುಂಬದವರು ಅವರ ಕೆಂಪು ಹೆಬ್ಬಾಗಿಲ ಅಡಿಯಲ್ಲಿ ದಾಟುವಂತಿಲ್ಲ. ಎರಡನೆಯ ಹೆಬ್ಬಾಗಿಲ ಮುಂದೆ ತಂಡವನ್ನು ನಿಲ್ಲಿಸಿ ಅವಳೇ ಹೇಳುತ್ತಾಳೆ, ಪ್ರತಿ ಸಲ: ಒಮ್ಮೆ ತಲೆ ಬಾಗಿ, ನಡುದಾರಿಯಲ್ಲಿ ನಡೆಯಬೇಡಿ, ಅದು ದೇವರು ಓಡಾಡುವ ದಾರಿ, ಸೂತಕವಿದ್ದವರು ದಯವಿಟ್ಟು ಪಕ್ಕದಲ್ಲಿ ಕಾಯಿರಿ. ಇವತ್ತೂ ಹೇಳಬೇಕು. ಹೇಳಿ ತಾನು ದಾಟಬೇಕು. ದಾಟಿದರೆ ಇಸಾಮು ತನಗೆ ಯಾರೂ ಅಲ್ಲವೆಂದು ತಾನೇ ನಡೆದು ತೋರಿಸಿದ ಹಾಗೆ. ನಿಂತರೆ, ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಬಿಟ್ಟು ಬಂದವಳು ತಾನೇ. ಕಾಯಿಲೆಯಲ್ಲಿ ಒಂದು ಲೋಟ ನೀರು ಕೊಡದವಳು ಸೂತಕ ಹಿಡಿಯುತ್ತೇನೆ ಎಂದರೆ ನೊಬುಯೊ ನಕ್ಕಾಳು. ಮನೆಯವರಷ್ಟೇ, ಎಂದಿದ್ದಳಲ್ಲ.

ಮಹಾಬುದ್ಧನ ಮಂದಿರದ ಎದುರು ದೊಡ್ಡ ಧೂಪಪಾತ್ರೆ ಹೊಗೆಯಾಡುತ್ತಿತ್ತು. ತಂಡದವರು ಹೊಗೆಯನ್ನು ಕೈಯಲ್ಲಿ ಬಾಚಿ ನೋವಿದ್ದಲ್ಲಿ ಸವರಿಕೊಂಡರು, ಮಂಡಿಗೆ, ಸೊಂಟಕ್ಕೆ. ಮೊರಿವಾಕಿ ಬೋಳುತಲೆಗೆ ಸವರಿಕೊಂಡು, "ಇನ್ನೇನು, ಸಾಯಂಕಾಲದೊಳಗೆ ಕೂದಲು," ಎಂದ. ಆ ಗದ್ದಲದಲ್ಲಿ ಫುಮಿಯೆ ಒಂದು ಊದುಬತ್ತಿ ಹಚ್ಚಿ ಬೂದಿಯಲ್ಲಿ ಊರಿದಳು. ಗೈಡುಗಳು ಹಚ್ಚುವುದಿಲ್ಲ, ದಿನಾ ಬರುವವರಿಗೆ ದೇವರೂ ಸಹೋದ್ಯೋಗಿ. ಕೈ ಜೋಡಿಸುವಾಗ ಏನು ಹೇಳಬೇಕೆಂದು ಹೊಳೆಯದೆ, ಬೂಟು ಕೆರೆದು ಒಳಗೆ ಬಾ, ಎಂದಂತಾಯಿತು ಮನಸ್ಸಿನಲ್ಲಿ. ಅವನಿಗೆ ಅವಳು ಅತಿ ಹೆಚ್ಚು ಸಲ ಹೇಳಿದ ಮಾತು ಅದೇ ಇರಬೇಕು. "ಏನಮ್ಮ, ಗೈಡಮ್ಮಂಗೂ ಹರಕೆಯಾ?" ಮೊರಿವಾಕಿ ಕಣ್ಣು ಕಿರಿದು ಮಾಡಿದ. "ಮಂಡಿನೋವು," ಎಂದಳು. ಮೊನ್ನೆ ಇದ್ದ ನೋವು ಇವತ್ತಿರಲಿಲ್ಲ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳು ಮಂಡಿಯನ್ನು ಒಮ್ಮೆ ಸವರಿಯೂ ಬಿಟ್ಟಳು. ಸವರಿದ ಕೈಯನ್ನು ಆಮೇಲೆ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಹೊರಗೆ ಜಿಂಕೆಗಳು ಮುತ್ತಿಕೊಂಡವು. ಒಂದು ಮೊರಿವಾಕಿಯ ಹಿಂದಿನ ಜೇಬಿನಿಂದ ನಕಾಶೆ ಎಳೆದು ತಿನ್ನತೊಡಗಿತು. ಅವನು ಅದರ ಹಿಂದೆ, ಮಿಕ್ಕವರು ಅವನ ಹಿಂದೆ. ಹಮಗುಚಿಯ ಎದುರು ಒಂದು ಮರಿಜಿಂಕೆ ಬಿಸ್ಕತ್ತಿಗೆಂದು ತಲೆ ಬಾಗಿಸಿತು, ಮತ್ತೆ ಬಾಗಿಸಿತು. ಅವಳು ಎಡಗೈ ಎತ್ತಿ ಗಟ್ಟಿಯಾಗಿ, "ಕೂತ್ಕೋ," ಎಂದಳು. ಜಿಂಕೆ ಕೂರಲಿಲ್ಲ. "ಕೂತ್ಕೋ ಅಂದೆ." ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಮಗುಚಿ ಕೆಂಪಾಗಿ, ಬಿಸ್ಕತ್ತನ್ನು ಜಿಂಕೆಯ ಬಾಯಿಗೆ ತುರುಕಿ, ಬಲಗೈಯನ್ನು ಜೇಬಿನೊಳಕ್ಕೆ ಇನ್ನೂ ಆಳಕ್ಕೆ ತಳ್ಳಿದಳು.

ಊಟಕ್ಕೆ ಕಾಕಿ ಹಣ್ಣಿನ ಮರದ ಎಲೆಯಲ್ಲಿ ಸುತ್ತಿದ ಸುಶಿ, ಮೀನಿಟ್ಟ ಅನ್ನದ ತುತ್ತು. ಹಮಗುಚಿ ಬಂದು ಫುಮಿಯೆಯ ಪಕ್ಕ ಬೆಂಚಿನ ಮೇಲೆ ಕೂತಳು. ಎಲೆ ಬಿಡಿಸಿದಳು, ತಿನ್ನಲಿಲ್ಲ. "ಒಂದು ಮಾತು ಕೇಳ್ಲಾ? ನಗಬಾರದು. ನಾಯಿ ಸತ್ರೆ ಸೂತಕ ಇರುತ್ತಾ?" ಜೇಬಿನ ಕೈ ಹೊರಗೆ ಬಂತು, ಮುಷ್ಟಿಯಲ್ಲಿ ಸವೆದ ಕೆಂಪು ಕೊರಳಪಟ್ಟಿ. "ಗೊಂತಾ ಅಂತ. ತಿಂಗಳೂ ಆಗಿಲ್ಲ ಹೋಗಿ. ಕಸುಗಕ್ಕೆ ಹೋಗ್ತೀವಿ ಅಂತ ಕಾಗದದಲ್ಲಿ ಇತ್ತಲ್ಲ, ನಂಗೆ ಅವತ್ತಿಂದ ಅದೇ ಯೋಚನೆ. ಮೊರಿವಾಕಿ-ಸಾನ್ ಹತ್ರ ಕೇಳಿದ್ರೆ ಊರಿಗೆಲ್ಲ ಡಂಗುರ ಹೊಡೀತಾರೆ." ಫುಮಿಯೆ ಬಾಯಿಯಲ್ಲಿದ್ದುದನ್ನು ನುಂಗಿ, ಇಂಥ ಪ್ರಶ್ನೆಗಳಿಗೆಂದೇ ಇಟ್ಟುಕೊಂಡಿದ್ದ ಮೆದು ದನಿಯಲ್ಲಿ ಹೇಳಿದಳು. "ಇಲ್ಲ, ಹಮಗುಚಿ-ಸಾನ್. ಪ್ರಾಣಿಗಳಿಗೆ ಲೆಕ್ಕ ಇಲ್ಲ. ರಕ್ತಸಂಬಂಧ ಇರಬೇಕು, ಇಲ್ಲಾಂದ್ರೆ ಮದುವೆ ಸಂಬಂಧ ಇರಬೇಕು. ಅದೂ ಈಗ ಇರೋ ಸಂಬಂಧ. ನೀವು ಧಾರಾಳವಾಗಿ ಒಳಗೆ ಹೋಗ್ಬಹುದು." ಈಗ ಇರೋ ಸಂಬಂಧ ಎಂದು ಸೇರಿಸುವ ಅಗತ್ಯವಿರಲಿಲ್ಲ. ಹೇಳಿದ ಮೇಲೆ ಆ ನಿಯಮ ತಿರುಗಿ ತನ್ನ ಮುಖಕ್ಕೇ ಬಡಿದಂತಾಯಿತು. ಒಳ್ಳೆಯದೇ ಆಯಿತು, ತೀರ್ಮಾನವಾಯಿತಲ್ಲ, ಎಂದುಕೊಂಡಳು. ನಾಯಿಗಿಲ್ಲದ ಸೂತಕ, ಬಿಟ್ಟವನಿಗೂ ಇಲ್ಲ, ಕಾನೂನು ಎಲ್ಲರಿಗೂ ಒಂದೇ. ಹಮಗುಚಿ ಪಟ್ಟಿಯ ಕೊಂಡಿಯನ್ನು ತಿರುವುತ್ತ, "ಲೆಕ್ಕ ಇಲ್ಲ ಅಂದ್ರೆ ಸರಿ ಬಿಡಿ," ಎಂದಳು. ಸಮಾಧಾನವಾದಂತೆ ಕಾಣಲಿಲ್ಲ. ಫುಮಿಯೆಗೆ ಅವಳ ಮೇಲೆ ಕೋಪ ಬಂತು. ಹೋಗಬಹುದು ಎಂದ ಮೇಲೂ ಹೋಗಲು ಮನಸ್ಸಿಲ್ಲದ ಮುಖ ಇವಳಿಗೇಕೆ?

ಕಸುಗದ ದಾರಿಯಲ್ಲಿ ಎರಡೂ ಕಡೆ ಪಾಚಿ ಹಿಡಿದ ಕಲ್ಲುದೀಪಗಳು, ಮೇಲೆ ದೇವದಾರುಗಳ ಕತ್ತಲೆ. ಜಲ್ಲಿಕಲ್ಲು ಕಾಲಡಿಯಲ್ಲಿ ಕರಕರ ಎನ್ನುತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ಆ ದಿನವೂ ಹೀಗೇ ಎನ್ನುತ್ತಿತ್ತು. ಅತ್ತೆ ಸತ್ತು ತಿಂಗಳಾಗಿರಲಿಲ್ಲ. ಅವಳು ಗೈಡಿನ ಪರೀಕ್ಷೆಗೆ ಓದುತ್ತಿದ್ದಳು. ದೀಪಗಳ ಮೇಲಿನ ಕೆತ್ತನೆ ನೋಡಬೇಕಿತ್ತು, ಇಸಾಮು ಜೊತೆಗೆ ಬಂದಿದ್ದ. ಯಾವ ದೀಪ ಯಾವ ಕಾಲದ್ದೆಂದು ಅವನಿಗೆ ಒಪ್ಪಿಸುತ್ತ ಒಪ್ಪಿಸುತ್ತ ಹೆಬ್ಬಾಗಿಲು ದಾಟಿ, ಕಲ್ಲಿನ ಜಿಂಕೆಯ ಬಾಯಿಂದ ಸುರಿಯುವ ನೀರಿನಲ್ಲಿ ಕೈ ತೊಳೆದು, ಕರ್ಚೀಫಿಗೆಂದು ತಿರುಗಿದರೆ ಪಕ್ಕದಲ್ಲಿ ಅವನಿಲ್ಲ. ಹೆಬ್ಬಾಗಿಲ ಆಚೆ ಮರದ ಕೆಳಗೆ ನಿಂತಿದ್ದ, ಅವಳ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು, ಬೇರೆಯವರ ಮಗುವನ್ನು ಎತ್ತಿಕೊಂಡವನ ಹಾಗೆ. ಆಗ ಸೂತಕ ನೆನಪಾಯಿತು. ಮರೆತು ದಾಟಿದ್ದಳು, ಅಷ್ಟೇ, ಮರೆವು ಯಾರಿಗಿಲ್ಲ. ಆದರೆ ನೆನಪಾದ ಮೇಲೆ ತಿರುಗಿ ಬರಬಹುದಿತ್ತು. ದಾಟಿದ್ದಾಯಿತು, ಅರ್ಧಕ್ಕೆ ತಿರುಗಿ ಬಂದರೆ ಪಾಪವೂ ಅರ್ಧವಾಗುತ್ತದೆಯೇ, ಎಂದುಕೊಂಡಳು. ಅದರ ಹಿಂದೆಯೇ ಇನ್ನೊಂದು ಯೋಚನೆ, ತಡೆಯುವ ಮೊದಲೇ ಬಂದುಬಿಟ್ಟಿತ್ತು: ಸತ್ತದ್ದು ಅವನ ತಾಯಿ, ನನ್ನ ತಾಯಿಯಲ್ಲವಲ್ಲ. ಒಳಗೆ ಹೋದಳು, ಎಲ್ಲ ನೋಡಿದಳು, ಬೇಕೆಂದೇ ನಿಧಾನವಾಗಿ ನೋಡಿದಳು. ಹೊರಗೆ ಬಂದಾಗ ಇಸಾಮು ಚೀಲ ಕೊಟ್ಟು ಕೇಳಿದ್ದು ಇಷ್ಟೇ, "ಒಳಗೆ ಜನ ಇದ್ರಾ?" ಕಮ್ಮಿ ಇದ್ದರು, ಎಂದಳು. ಒಳ್ಳೇದು, ಎಂದ. ಬೈದಿದ್ದರೆ ಅವಳ ಬಳಿ ಉತ್ತರ ಸಿದ್ಧವಿತ್ತು. ಬೈಯಲಿಲ್ಲವೆಂದೇ ಆ ಉತ್ತರ ಒಳಗೆ ಉಳಿದು, ಹುಳಿತು, ವರ್ಷಗಳ ಮೇಲೆ ಬೇರೆ ಯಾವುದೋ ಚಿಲ್ಲರೆ ಜಗಳದಲ್ಲಿ ನಿನ್ನ ಮೌನ ಸಾಕಾಗಿದೆ ಎಂಬ ಮಾತಾಗಿ ಹೊರಬಿತ್ತು. ಅವನು ಅದಕ್ಕೂ ತಲೆ ಆಡಿಸಿದ್ದ. ಆ ಪ್ರಶ್ನೆಯಲ್ಲಿ ವ್ಯಂಗ್ಯವಿತ್ತೇ, ಕ್ಷಮೆಯಿತ್ತೇ, ಬರೀ ಜನ ಇದ್ದರೇ ಎಂಬುದೇ ಇತ್ತೇ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕೇಳಬಹುದೆಂದು ಎಲ್ಲೋ ಅಂದುಕೊಂಡಿದ್ದಳು, ಮುಂದೆ ಯಾವಾಗಲಾದರೂ, ಇಬ್ಬರಿಗೂ ವಯಸ್ಸಾದ ಮೇಲೆ. ವಯಸ್ಸಾಗಿಯೇ ಆಗಿತ್ತು, ಕೇಳುವುದು ಮಾತ್ರ ಆಗಲಿಲ್ಲ. ಅವಳಿಗೆ ಮೊದಲ ಸಲ ದುಃಖವಾಯಿತು.

ಹೆಬ್ಬಾಗಿಲು ಬಂದೇಬಿಟ್ಟಿತು. ತಂಡವನ್ನು ನಿಲ್ಲಿಸಿದಳು. ಬಾಯಿ ತನ್ನ ಪಾಠ ಒಪ್ಪಿಸಿತು: ತಲೆ ಬಾಗಿ, ನಡುದಾರಿ ಬಿಡಿ. ಸೂತಕವಿದ್ದವರು, ಎಂಬಲ್ಲಿ ಒಮ್ಮೆ ಕೆಮ್ಮಿದಳು, ಹೇಳಿ ಮುಗಿಸಿದಳು. "ನಮ್ಮಲ್ಲಿ ಯಾರೂ ಸತ್ತಿಲ್ಲ, ಸಾಯೋ ಹಾಗೆ ನಡೆಸಿದೀರಿ ಅಷ್ಟೇ," ಎಂದು ಮೊರಿವಾಕಿ ಟೋಪಿ ತೆಗೆದು ಬಾಗಿ ಒಳಗೆ ನಡೆದ. ಹಿಂದೆಯೇ ಉಳಿದವರು. ಹಮಗುಚಿ ಮಾತ್ರ ಪಕ್ಕಕ್ಕೆ ಸರಿದು ದೇವದಾರುವಿನ ಬುಡದಲ್ಲಿ ನಿಂತಳು. ಮೊರಿವಾಕಿ ತಿರುಗಿ ನೋಡಿದ. "ಯಾಕ್ರೀ, ಬರಲ್ವಾ?" "ಗೊಂತಾ ಹೋಗಿದಾನಲ್ಲ," ಎಂದಳು ಹಮಗುಚಿ. "ನಾಯಿಗೆ ಯಾರಾದ್ರೂ—" ಎಂದು ಶುರುಮಾಡಿದ ಮೊರಿವಾಕಿ. "ಗೈಡಮ್ಮನೂ ಹಂಗೇ ಹೇಳಿದ್ರು," ಎಂದಳು ಹಮಗುಚಿ, ದನಿ ಏರಿಸದೆ. "ದೇವ್ರ ಲೆಕ್ಕದಲ್ಲಿ ಇಲ್ದೇ ಇರ್ಬಹುದು. ನನ್ನ ಲೆಕ್ಕದಲ್ಲಿ ಇದಾನೆ. ನೀವು ಹೋಗ್ಬನ್ನಿ." ಮೊರಿವಾಕಿ ಹೆಂಡತಿಗೆಂದು ಕೊಂಡಿದ್ದ ಉಪ್ಪಿನಕಾಯಿಯ ಚೀಲವನ್ನು ಅವಳತ್ತ ಚಾಚಿದ. "ಹಂಗಾದ್ರೆ ಇದನ್ನ ಹಿಡ್ಕೊಂಡಿರಿ. ಘಮ್ ಅಂತಿದೆ, ದೇವ್ರ ಮುಂದೆ ಬೇಡ."

ಫುಮಿಯೆ ಹೆಬ್ಬಾಗಿಲ ಎದುರೇ ನಿಂತಿದ್ದಳು. ಕೈಯಲ್ಲಿ ಬಾವುಟ. ತಂಡ ಆಗಲೇ ನೀರಿನ ಬಳಿ ಗುಂಪಾಗಿ ಅವಳ ದಾರಿ ನೋಡುತ್ತಿತ್ತು. ಇನ್ನೊಂದು ಹೆಜ್ಜೆ, ಸಾವಿರ ಸಲ ಇಟ್ಟ ಹೆಜ್ಜೆ. ಕಾಲು ಎದ್ದೂ ಬಿಟ್ಟಿತು. ಅದು ಎದ್ದದ್ದು ಅವಳಿಗೆ ಗೊತ್ತಾಯಿತು, ಯಾರೋ ಬೇರೆಯವರ ಕಾಲಿನಂತೆ, ಮತ್ತು ಆ ಕಾಲನ್ನು ತಂದು ಇದ್ದಲ್ಲೇ ಇಟ್ಟಳು. ಒಳಗಿನಿಂದ ತನಿಮುರ ಬರುತ್ತಿದ್ದ, ಅವಳ ಜೊತೆಯ ಹಳೆಯ ಗೈಡು, ತನ್ನ ತಂಡವನ್ನು ಬೀಳ್ಕೊಟ್ಟು ಟೀ ಕುಡಿಯಲು ಹೊರಟವನು. ಅವಳ ಒಂಟಿ ಬಾಳು, ಸೊನೊದಾ ಎಂಬ ಹೆಸರಿನ ಸೋಮಾರಿತನ, ಎಲ್ಲ ಗೊತ್ತಿದ್ದವನು. ಅವನು ಹೆಬ್ಬಾಗಿಲಿಂದ ಹೊರಬಂದು, ತಿರುಗಿ ಬಾಗಿ ನಮಸ್ಕರಿಸುವವರೆಗೂ ಕಾದು, ಬಾವುಟವನ್ನು ಅವನ ಕಡೆ ಹಿಡಿದಳು.

"ತನಿಮುರ-ಸಾನ್, ನಮ್ಮ ತಂಡಾನ ಒಂದು ಸುತ್ತು ಒಳಗೆ ಕರ್ಕೊಂಡು ಹೋಗ್ಬರ್ತೀರಾ?"

"ಯಾಕೆ, ಮತ್ತೆ ಮಂಡಿನಾ?" ತನಿಮುರ ಕೇಳಿದ. "ಮೊನ್ನೇನೇ ಹೇಳ್ದೆ, ಡಾಕ್ಟರ್ ಹತ್ರ ಹೋಗಿ ಅಂತ. ಕೂತ್ಕೊಳ್ಳಿ, ಕೂತ್ಕೊಳ್ಳಿ."

ಹೌದು ಎಂದರೆ ಮುಗಿಯಿತು. ಬೆಳಿಗ್ಗೆ ಹೇಳಿದ ಸುಳ್ಳೇ ಬಂದು ಕುರ್ಚಿ ಹಾಕಿ ಕರೆಯುತ್ತಿತ್ತು. ದಾಟದೆ ಉಳಿಯಬಹುದು, ಯಾರಿಗೂ ಏನೂ ಹೇಳದೆ ಉಳಿಯಬಹುದು, ಒಳಗೊಳಗೇ ಸೂತಕ ಹಿಡಿದು ಹೊರಗೆ ಮಂಡಿ ತಿಕ್ಕಿಕೊಂಡಿರಬಹುದು. ಇಸಾಮು ಆಗಿದ್ದರೆ ಅಷ್ಟನ್ನೂ ಹೇಳುತ್ತಿರಲಿಲ್ಲ. ಅವಳ ಕೈ ಮಂಡಿಯತ್ತ ಹೋಯಿತು. ಮರದ ಬುಡದಲ್ಲಿ ಹಮಗುಚಿ ಉಪ್ಪಿನಕಾಯಿಯ ಚೀಲ ಹಿಡಿದು, ಯಾರಿಗೂ ಉತ್ತರ ಕೊಡಬೇಕಿಲ್ಲದವಳಂತೆ ಮೇಲೆ ಕೊಂಬೆಗಳನ್ನು ನೋಡುತ್ತಿದ್ದಳು.

"ಮಂಡಿ ಚೆನ್ನಾಗಿದೆ," ಎಂದಳು ಫುಮಿಯೆ. "ಸೂತಕ ಇದೆ."

ತನಿಮುರ ಬಾವುಟ ಹಿಡಿಯಲು ಚಾಚಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದ. "ಅಯ್ಯೋ. ಯಾರು?"

ಬೆಳಗಿನಿಂದ ಹುಡುಕಿದ ಹೆಸರುಗಳೆಲ್ಲ ಒಮ್ಮೆ ನಾಲಿಗೆಯವರೆಗೆ ಬಂದು ಹೋದವು. ಮಾಜಿ, ಹಿಂದಿನ, ಒಂದು ಕಾಲದ. ನೊಬುಯೊ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

"ನಮ್ಮನೆಯವ್ರು," ಎಂದಳು.

ತನಿಮುರನಿಗೆ ಗೊತ್ತಿರುವ ಮಟ್ಟಿಗೆ ಆ ಮನೆಯಲ್ಲಿ ಅಂಥವರು ಯಾರೂ ಇರಲಿಲ್ಲ. ಅವನು ಅವಳ ಎದೆಯ ಬಿಲ್ಲೆಯನ್ನು ನೋಡಿದ, ಮುಖವನ್ನು ನೋಡಿದ. ಟೋಪಿ ತೆಗೆದು, ಸಾವಿನ ಮನೆಯ ಮುಂದೆ ಬಾಗುವಷ್ಟು ಆಳಕ್ಕೆ ಬಾಗಿ, ಬಾವುಟ ತೆಗೆದುಕೊಂಡು ಒಳಗೆ ಹೋದ.

ಅವಳು ಬಂದು ಹಮಗುಚಿಯ ಪಕ್ಕ ನಿಂತಳು. ಇಸಾಮು ನಿಂತದ್ದು ಇದೇ ಮರವೋ ಪಕ್ಕದ್ದೋ, ಎಲ್ಲ ಮರಗಳೂ ಒಂದೇ ಥರ. ಹಮಗುಚಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. "ನಿಮಗೆ ತಪ್ಪು ಹೇಳಿದೆ, ಊಟದ ಹೊತ್ತಲ್ಲಿ," ಎಂದಳು ಫುಮಿಯೆ. "ಬಿಡಿ," ಎಂದಳು ಹಮಗುಚಿ, "ಇದನ್ನ ಸ್ವಲ್ಪ ಹಿಡ್ಕೋತೀರಾ, ಮೂಗು ಒರೆಸ್ಕೋಬೇಕು." ಉಪ್ಪಿನಕಾಯಿಯ ಚೀಲವನ್ನು ಫುಮಿಯೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ಹಿಂದಿರುಗಿಸಲು ಇಬ್ಬರಿಗೂ ನೆನಪಾಗಲಿಲ್ಲ. ಹೊರಗೆ ನಿಂತವರಿಗೆ ಕಾಣುವುದು ಹೆಚ್ಚೇನೂ ಇರಲಿಲ್ಲ: ಕೆಂಪು ಕಂಬಗಳು, ನೀರಿನ ಕಲ್ಲು, ಒಳಗೆ ಹೋದವರ ಬೆನ್ನು, ಅದೂ ತಿರುವಿನವರೆಗೆ. ಆಮೇಲೆ ದಾರಿಯಷ್ಟೇ. ಹೋದವರು ಅಲ್ಲಿ ಏನು ನೋಡುತ್ತಿರಬಹುದು, ನೂಕುನುಗ್ಗಲಿದೆಯೋ, ಕಾಲು ಎಡವಿದರೋ, ಯಾವಾಗ ಬರುತ್ತಾರೋ ಎಂದು ಯೋಚಿಸುವುದೊಂದೇ ಉಳಿಯುವ ಕೆಲಸ. ಆ ದಿನ ಇಸಾಮು ಎಷ್ಟೋ ಹೊತ್ತು ಅದನ್ನೇ ಮಾಡಿರಬೇಕು. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಲು ಕೈ ಖಾಲಿಯಿರಲಿಲ್ಲ.

ಕಡೆಗೆ ತಿರುವಿನಲ್ಲಿ ಹಳದಿ ಬಾವುಟ ಕಾಣಿಸಿತು. ಮೊರಿವಾಕಿ ಎಲ್ಲರಿಗಿಂತ ಮುಂದೆ, ಟೋಪಿ ಇನ್ನೂ ಕೈಯಲ್ಲೇ. ತನಿಮುರ ಹೇಳಿರಬೇಕು. ಮೊರಿವಾಕಿ ಹತ್ತಿರ ಬಂದು ನಿಂತ. ಫುಮಿಯೆ ಚೀಲವನ್ನು ಅವನಿಗೆ ಕೊಟ್ಟಳು.

"ಒಳಗೆ ಜನ ಇದ್ರಾ?" ಎಂದು ಕೇಳಿದಳು.